ಉಣ್ಣಿ ಪರೀಕ್ಷೆಗೆ ಒಣ ಮಿಕ್ಸೋ, ಫ್ರೀಜರ್ ಮಿಕ್ಸೋ?

ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿಯಲ್ಲಿ ಕೂತು ಉಣ್ಣಿಗಳಲ್ಲಿ ಲೈಮ್ ರೋಗದ (ಉಣ್ಣಿ ಕಚ್ಚಿ ಹರಡುವ ಕಾಯಿಲೆ) ಬ್ಯಾಕ್ಟೀರಿಯಾ ಹುಡುಕುವವರು ಒಣಗಿಸಿದ ಪಿಸಿಆರ್ ಮಿಕ್ಸ್ (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆಹಚ್ಚುವ ಪರೀಕ್ಷೆಯ ಮಿಶ್ರಣ) ತಗೊಳ್ಳಿ. ರೇಟು ಜಾಸ್ತಿ, ಗೊತ್ತು. ಆದರೂ ಅದೇ.

ಫ್ರೀಜರ್ ಮಿಕ್ಸ್ ಮೈನಸ್ 20 ಡಿಗ್ರಿಯಲ್ಲೇ ಇರಬೇಕು. ನಮ್ಮ ಪಾರ್ಸಲ್ ಶನಿವಾರ ಊರಿಗೆ ಬಂದು, ಸೋಮವಾರದವರೆಗೂ ಕೊರಿಯರ್ ಗೋಡೌನಿನಲ್ಲೇ ಬಿದ್ದಿತ್ತು. ಮೇ ತಿಂಗಳು ಬೇರೆ. ಇಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಥರ್ಮಾಕೋಲ್ ಡಬ್ಬಿ ತೆಗೆದರೆ ಜೆಲ್ ಪ್ಯಾಕುಗಳು ಬೆಚ್ಚಗಿದ್ದವು. ಟ್ಯೂಬಿನ ಲೇಬಲ್ ಬೆವೆತು ಅರ್ಧ ಕಿತ್ತು ಬಂದಿತ್ತು. ಡೀಲರ್ "ಏನೂ ಆಗಲ್ಲ ಸರ್, ಹಾಕಿ ನೋಡಿ" ಅಂದ.

ಹಾಕಿ ನೋಡಿದೆ. ಬೊರೆಲಿಯಾ (ಲೈಮ್ ತರುವ ಬ್ಯಾಕ್ಟೀರಿಯಾ) ಡಿಎನ್‌ಎ ಇದೆ ಎಂದು ಗೊತ್ತಿರುವ ಕಂಟ್ರೋಲ್ ಟ್ಯೂಬಿನಲ್ಲಿ 27ನೇ ಸೈಕಲ್‌ಗೆ ಏಳುತ್ತಿದ್ದ ಗೆರೆ (ಡಿಎನ್‌ಎ ಸಿಕ್ಕಿತೆಂದು ಮೆಷಿನ್ ತೋರಿಸುವ ಗೆರೆ) 34ಕ್ಕೆ ಎದ್ದಿತು. ಒಂದೊಂದು ಸೈಕಲ್‌ಗೂ, ಅಂದರೆ ಬಿಸಿ ಮಾಡಿ ತಣಿಸುವ ಒಂದೊಂದು ಸುತ್ತಿಗೂ, ಡಿಎನ್‌ಎ ದುಪ್ಪಟ್ಟಾಗುತ್ತದೆ. ಏಳು ಸೈಕಲ್ ತಡ ಅಂದರೆ ಇದ್ದದ್ದರಲ್ಲಿ ನೂರರ ಒಂದು ಪಾಲೂ ಇಲ್ಲವೇನೋ ಅನ್ನುವಷ್ಟು ಮಂಕು. ಪೂರ್ತಿ ಸತ್ತಿದ್ದರೆ ಎಸೆದು ಸುಮ್ನಾಗಬಹುದಿತ್ತು. ಈ ಅರೆಜೀವವೇ ಕಾಟ. ರಕ್ತ ಕುಡಿಯದ ಹಸಿದ ಉಣ್ಣಿಯ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಮೊದಲೇ ಕಡಿಮೆ. ಇಂಥ ಮಿಕ್ಸ್ ಅದನ್ನು ಹಿಡಿಯಲ್ಲ, ಆರಾಮಾಗಿ ನೆಗೆಟಿವ್ ತೋರಿಸುತ್ತದೆ.

ಲೈಮ್ ಹರಡುವ ಇಕ್ಸೋಡಿಸ್ ಉಣ್ಣಿಗೆ ತಂಪು, ತೇವ ಬೇಕು. ನಮ್ಮ ದನಗಳ ಮೈಮೇಲೆ ಸಿಗುವುದು ಬೇರೆ ಬಗೆಯ ಉಣ್ಣಿಗಳು, ಹಯಲೋಮ್ಮಾ, ರೈಪಿಸೆಫಾಲಸ್. ಚಿಂಚೋಳಿ ಕಾಡಿನಂಚಿನ ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆದು ಹಿಡಿದವೂ ನೆಗೆಟಿವ್ ಬರುವುದೇ ಸಹಜ. ಬರೀ ನೆಗೆಟಿವ್ ಬರುವ ಕಡೆ ಆ ನೆಗೆಟಿವನ್ನು ನಂಬುವಂತಾದರೂ ಇರಬೇಕು, ಅಲ್ವಾ?

ಒಣ ಮಿಕ್ಸ್ ಅದೇ ಬಿಸಿಲಲ್ಲಿ, ಅದೇ ಕೊರಿಯರ್‌ನಲ್ಲಿ ಬಂತು. ಕಂಟ್ರೋಲ್ ಗೆರೆ ಕದಲಲಿಲ್ಲ. ಮಾಮೂಲಿ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟಿದ್ದೇನೆ, ಕರೆಂಟ್ ಹೋದರೂ ಚಿಂತೆಯಿಲ್ಲ. ತೇವ ಮಾತ್ರ ತಾಗಬಾರದು. ಮಳೆಗಾಲದಲ್ಲಿ ಫಾಯಿಲ್ ಬಿಚ್ಚಿಟ್ಟು ಚಹಾಕ್ಕೆ ಹೋದರೆ ಬಿಳಿ ಪುಡಿ ಅಂಟಂಟಾಗಿ ತಳಕ್ಕೆ ಕೂರುತ್ತದೆ.

ಡಾರ್ಕ್‌ಫೀಲ್ಡ್ ಮೈಕ್ರೋಸ್ಕೋಪಿನಲ್ಲಿ (ಕಪ್ಪು ಹಿನ್ನೆಲೆಯಲ್ಲಿ ಬ್ಯಾಕ್ಟೀರಿಯಾ ಹೊಳೆದು ಕಾಣುವಂಥದ್ದು) ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರೂ ಅದು ಯಾವ ಬೊರೆಲಿಯಾ ಎಂದು ಗೊತ್ತಾಗಲ್ಲ. ನಾಯಿಗಳ ರಕ್ತ ನೋಡುವ ಕಾರ್ಡ್ ಉಣ್ಣಿಗೆ ಬೇಡವೇ ಬೇಡ, ಅದು ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಾಯಿಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯವನ್ನು.

ದಿನವೂ ಪ್ಲೇಟುಗಟ್ಟಲೆ ಪರೀಕ್ಷೆ ಮಾಡುವವರು, ಡಿಸೆಂಬರ್‌ನಲ್ಲೇ ತರಿಸಿಕೊಳ್ಳುವವರು ಫ್ರೀಜರ್ ಮಿಕ್ಸ್ ತಗೊಂಡು ದುಡ್ಡು ಉಳಿಸಲಿ. ನನಗೆ ಉಣ್ಣಿ ಸಿಗುವುದೇ ಆಗಾಗ. ಒಣ ಮಿಕ್ಸ್ ಎಂಟು ಟ್ಯೂಬುಗಳ ಸ್ಟ್ರಿಪ್‌ನಲ್ಲಿ ಬರುವುದರಿಂದ, ಅದು ತುಂಬುವಷ್ಟಾಗುವ ತನಕ ಉಣ್ಣಿಗಳನ್ನು 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಹಾಕಿಡುತ್ತೇನೆ. ಡಿಎನ್‌ಎ ಕೆಡುವುದಿಲ್ಲ, ಸ್ಟ್ರಿಪ್ಪೂ ದಂಡವಾಗುವುದಿಲ್ಲ.