ಹಿತ್ತಲಿನ ಹೆಗ್ಗಣಕ್ಕೆ ಬೋನೋ, ಪಾಷಾಣವೋ?

ಸಾಗರದ ನಮ್ಮ ಮನೆಯ ಹಿತ್ತಲಿನಲ್ಲಿ ಗೆಣಸಿನ ಏರಿಯನ್ನು ಅಗೆದಾಗ ಸಿಕ್ಕಿದ್ದರಲ್ಲಿ ಅರ್ಧಕ್ಕರ್ಧ ಬರಿಯ ಸಿಪ್ಪೆ. ಮೇಲೆ ಬಳ್ಳಿ ಹಸಿರಾಗಿಯೇ ಇದ್ದುದರಿಂದ ಅದುವರೆಗೆ ಏನೂ ತಿಳಿದಿರಲಿಲ್ಲ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆಯಿದ್ದರೆ ಅದು ಹೆಗ್ಗಣದ ಕೆಲಸ. ಚಪ್ಪರದ ಮೇಲಿನ ಹೀರೆಯನ್ನೂ ತೆಂಗಿನ ಎಳೆಗಾಯಿಯನ್ನೂ ಕೊರೆಯುವುದು ಮರವೇರುವ ಇಲಿ. ನಮ್ಮಲ್ಲಿ ಎರಡೂ ಇದ್ದವು. ಈ ಭೇದವನ್ನು ಮೊದಲೇ ಗಮನಿಸಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು.

ಮೊದಲು ಬಳಸಿದ್ದು ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿಯನ್ನು. ಇದು ಇಲಿಯ ಹೊಟ್ಟೆಯ ಆಮ್ಲದೊಡನೆ ಸೇರಿ ವಿಷಾನಿಲವಾಗುವುದರಿಂದ ಪರಿಣಾಮ ಬೇಗ ಕಾಣಿಸುತ್ತದೆ, ಆದರೆ ಅದೇ ಇದರ ದೋಷವೂ ಹೌದು: ಅರೆಬರೆ ತಿಂದು ಬದುಕಿದ ಇಲಿ ಆ ತಿನಿಸನ್ನು ಮತ್ತೆ ಮುಟ್ಟುವುದಿಲ್ಲ. ಎರಡು ಮೂರು ದಿನ ವಿಷವಿಲ್ಲದ ತಿನಿಸನ್ನಿಟ್ಟು ರೂಢಿ ಮಾಡಿಸಿ, ಆಮೇಲೆ 96 ಪಾಲು ಧಾನ್ಯಕ್ಕೆ 2 ಪಾಲು ಎಣ್ಣೆ, 2 ಪಾಲು ಪುಡಿ ಬೆರೆಸಬೇಕೆಂಬುದು ಕೃಷಿಯವರ ಕ್ರಮ. ನಾನು ಅವಸರಪಟ್ಟು ಮೊದಲ ದಿನವೇ ವಿಷವಿಟ್ಟೆ. ಎರಡು ಸತ್ತವು, ಉಳಿದವು ಜಾಣವಾದವು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲವೆಂದು ತಿಳಿದ ಮೇಲೆ, ಕೋಳಿ ಮತ್ತು ಮಕ್ಕಳು ಓಡಾಡುವ ಹಿತ್ತಲಲ್ಲಿ ಅದನ್ನು ಮತ್ತೆ ಬಳಸುವ ಧೈರ್ಯವಾಗಲಿಲ್ಲ.

ಬ್ರೊಮಾಡಿಯೊಲೋನ್ ಬಿಲ್ಲೆ ನಿಧಾನದ ವಿಷ. ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯುವುದರಿಂದ ಇಲಿ ಕೆಲವು ದಿನ ಕಳೆದು ಸಾಯುತ್ತದೆ, ಹಾಗಾಗಿ ಉಳಿದವಕ್ಕೆ ಅನುಮಾನ ಬರುವುದಿಲ್ಲ. ಬಿಲ್ಲೆಯನ್ನು ಬಿಲದೊಳಗೇ ತಳ್ಳಿ ಬಾಯಿಗೆ ಕಲ್ಲಿಟ್ಟೆ. ಹೆಗ್ಗಣಗಳ ಮಟ್ಟಿಗೆ ಇದರಷ್ಟು ಫಲ ಕೊಟ್ಟದ್ದು ಬೇರಿಲ್ಲ. ಆದರೆ ಒಂದು ಹೆಗ್ಗಣ ಬಚ್ಚಲ ಹಿಂದಿನ ಸೌದೆ ರಾಶಿಯಡಿ ಸತ್ತು, ವಾರವಿಡೀ ನಾತ ಸಹಿಸಬೇಕಾಯಿತು. ಸತ್ತದ್ದನ್ನು ತಿಂದ ಬೆಕ್ಕಿಗೂ ಗೂಬೆಗೂ ವಿಷ ದಾಟುವ ಭಯವಿರುವುದರಿಂದ ದಿನವೂ ಬೆಳಿಗ್ಗೆ ಹುಡುಕಿ ಹೂಳುವುದು ಅನಿವಾರ್ಯ.

ಅಂಟಿನ ಹಲಗೆಯ ವಿಷಯ ಬೇಗ ಮುಗಿಯುತ್ತದೆ. ಅದಕ್ಕೆ ಸಿಕ್ಕಿದ್ದು ಒಂದು ಓತಿಕ್ಯಾತ. ಅದರ ಒದ್ದಾಟ ನೋಡಲಾಗದೆ ಎಣ್ಣೆ ಸವರಿ ಬಿಡಿಸಿದೆ, ಹಲಗೆಯನ್ನು ಎಸೆದೆ.

ಮರವೇರುವ ಇಲಿಗೆ ಗೆದ್ದದ್ದು ತಂತಿಯ ಬೋನು. ಇಲಿಗಳು ಗೋಡೆಯಂಚಿನಲ್ಲೇ ಓಡಾಡುವುದರಿಂದಲೂ ಹೊಸ ವಸ್ತುವಿಗೆ ಹೆದರುವುದರಿಂದಲೂ, ಬೋನನ್ನು ಗೋಡೆಗೆ ತಾಗಿಸಿ, ಬಾಗಿಲನ್ನು ತೆರೆದೇ ಕಟ್ಟಿ, ನಾಲ್ಕು ದಿನ ಸುಟ್ಟ ಕೊಬ್ಬರಿಯನ್ನು ಪುಕ್ಕಟೆ ತಿನ್ನಿಸಿದೆ. ಐದನೆಯ ರಾತ್ರಿಯಿಂದ ಹದಿನೈದು ದಿನಗಳಲ್ಲಿ ಏಳು ಸಿಕ್ಕವು. ಒಣಮೀನು ಇದಕ್ಕಿಂತ ಉತ್ತಮವೆನ್ನುತ್ತಾರೆ, ನಮ್ಮ ಮನೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಸಿಕ್ಕಿದ್ದನ್ನು ಏನು ಮಾಡುವುದೆಂಬ ಸಂಕಟ ಮಾತ್ರ ಬೋನಿನೊಂದಿಗೇ ಬರುತ್ತದೆ; ಬೇರೆಯವರ ತೋಟದ ಬಳಿ ಬಿಟ್ಟು ಬರುವುದು ಪರಿಹಾರವಲ್ಲ. ಇಲಿಯ ಮೂತ್ರದಿಂದ ಇಲಿಜ್ವರ ಹರಡುವುದರಿಂದ ಬೋನನ್ನು ಕೈಗವಸು ಹಾಕಿಯೇ ತೊಳೆಯುತ್ತೇನೆ.

ಈಗ ಕೋಳಿಯ ಕಾಳನ್ನು ಸಂಜೆಯೇ ಡಬ್ಬಿಗೆ ಸೇರಿಸುತ್ತಿದ್ದೇವೆ, ತೆಂಗಿನ ಕಾಂಡಕ್ಕೆ ನುಣುಪಾದ ತಗಡು ಸುತ್ತಿದ್ದೇವೆ. ಹೊಸ ಗೆಣಸಿನ ಏರಿಯ ಅಡಿಗೂ ಬದಿಗೂ ಅರ್ಧ ಅಂಗುಲದ ಕಬ್ಬಿಣದ ಜಾಲರಿ ಹಾಕಿದ್ದು, ಅದರ ಖರ್ಚು ಗೆಣಸಿನ ಬೆಲೆಯನ್ನು ಮೀರಿದೆಯೆಂದು ಮನೆಯವರು ಆಗಾಗ ನೆನಪಿಸುತ್ತಾರೆ.