ಹಿತ್ತಿಲಿನ ಅರ್ಕಾ ಕಿರಣ್: ಮೂರು ಕಸಿ ಗಿಡ ತಂದು ಒಂದನ್ನು ಉಳಿಸಿಕೊಂಡವನ ಅಭಿಪ್ರಾಯ

ತುಮಕೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಿಲಿಗೆಂದು 2022ರ ಜೂನ್‌ನಲ್ಲಿ ಖಾಸಗಿ ನರ್ಸರಿಯೊಂದರಿಂದ ಮೂರು ಸೀಬೆ ಕಸಿ ಗಿಡಗಳನ್ನು ತಂದಿದ್ದೆ. ಎರಡರ ಚೀಟಿಯಲ್ಲಿ ಅರ್ಕಾ ಕಿರಣ್ ಎಂದೂ ಇನ್ನೊಂದರಲ್ಲಿ ಅರ್ಕಾ ಮೃದುಲಾ ಎಂದೂ ಬರೆದಿತ್ತು. ಇಂದು ಉಳಿದಿರುವುದು ಕಿರಣ್‌ನ ಒಂದೇ ಗಿಡ. ಅದರ ಹಣ್ಣಿನ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ತಕರಾರು ಇರುವುದು ಉಳಿದೆರಡನ್ನು ನನಗೆ ಮಾರಿದ ರೀತಿಯ ಬಗ್ಗೆ.

ಎರಡೂ ತಳಿಗಳು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು. ಮೃದುಲಾ ಎಂಬುದು ಹಳೆಯ ಅಲಹಾಬಾದ್ ಸಫೇದಾದ ಸಸಿಗಳಿಂದ ಆರಿಸಿ ತೆಗೆದ, ಮೆತ್ತನೆಯ ಬೀಜದ ಬಿಳಿ ತಿರುಳಿನ ತಳಿ. ಕಿರಣ್ ಮಾತ್ರ ಕಾಮಸಾರಿ ಮತ್ತು ಪರ್ಪಲ್ ಲೋಕಲ್ ಎಂಬ ಎರಡು ತಳಿಗಳನ್ನು ಕೂಡಿಸಿ ಪಡೆದ ಸಂಕರ. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಇದರ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 7 ಮಿಲಿಗ್ರಾಂನಷ್ಟಿದೆ ಎಂದು ಸಂಸ್ಥೆಯವರು ಹೇಳುತ್ತಾರೆ. ನಾನು ಮನಸೋತದ್ದು ಆ ಅಂಕಿಗಲ್ಲ, ಪರಿಚಿತರ ತೋಟದಲ್ಲಿ ಕೊಯ್ದು ಕೊಟ್ಟ ಒಂದು ಹೋಳಿಗೆ.

ಮೊದಲ ವರ್ಷ ಬಂದ ಹೂಗಳನ್ನೆಲ್ಲ ಚಿವುಟಿ ಹಾಕಿದೆ. ಎರಡನೆಯ ವರ್ಷದ ಫೆಬ್ರುವರಿಯಲ್ಲಿ ಬಿಟ್ಟ ಹೂಗಳನ್ನು ಆಸೆಯಿಂದ ಹಾಗೆಯೇ ಬಿಟ್ಟದ್ದು ತಪ್ಪಾಯಿತು. ಆ ಕಾಯಿಗಳು ಸರಿಯಾಗಿ ಮಳೆಗಾಲದ ನಡುವೆ ಬಲಿತವು. ನೋಡಲು ದುಂಡಗೆ, ಅಂಗೈ ತುಂಬುವಷ್ಟು ದಪ್ಪ, ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಒಂದೆರಡು ಚುಕ್ಕೆ ಬಿಟ್ಟರೆ ಯಾವ ದೋಷವೂ ಇರಲಿಲ್ಲ. ಹೆಚ್ಚಿ ನೋಡಿದರೆ ಆ ಚುಕ್ಕೆಯ ಕೆಳಗೆ ತಿರುಳು ಕಂದಿ ನೀರಾಗಿ, ಅದರೊಳಗೆ ಬಿಳಿಯ ಹುಳುಗಳು ಮಿಸುಕಾಡುತ್ತಿದ್ದವು. ಹಣ್ಣಿನ ನೊಣ ಕಾಯಿ ಬಣ್ಣ ತಿರುಗುವ ಹೊತ್ತಿಗೆ ಸಿಪ್ಪೆ ತೂರಿ ಮೊಟ್ಟೆ ಇಡುತ್ತದೆ ಎಂಬುದು ಓದಿ ಗೊತ್ತಿತ್ತು, ತಟ್ಟೆಯಲ್ಲಿ ಕಂಡದ್ದು ಅದೇ ಮೊದಲು. ಮಿಥೈಲ್ ಯೂಜೆನಾಲ್ ಎಂಬ, ನೊಣವನ್ನು ಸೆಳೆಯುವ ರಾಸಾಯನಿಕದಲ್ಲಿ ಅದ್ದಿದ ಮರದ ತುಂಡನ್ನು ಬಾಟಲಿಯಲ್ಲಿ ನೇತುಹಾಕಿದರೆ ಅದಕ್ಕೆ ಮರುಳಾಗುವುದು ಗಂಡು ನೊಣಗಳಷ್ಟೇ. ಅಕ್ಕಪಕ್ಕದ ಹಿತ್ತಿಲುಗಳಲ್ಲೂ ಸೀಬೆ, ಮಾವು ಇರುವಾಗ ಒಂದೇ ಬಾಟಲಿಯಿಂದ ಆಗುವುದು ಅಷ್ಟಕ್ಕಷ್ಟೆ. ಹುಳು ಬೀಳದ ನಾಲ್ಕಾರು ಹಣ್ಣುಗಳೂ ಮಳೆನೀರು ಕುಡಿದು ಸಪ್ಪೆಯಾಗಿದ್ದವು. ಈ ಫಸಲಿನ ಮೇಲೆಯೇ ತೀರ್ಪು ಕೊಡುವುದಾಗಿದ್ದರೆ ಗಿಡವನ್ನು ಕಡಿದು ಒಲೆಗೆ ಹಾಕುತ್ತಿದ್ದೆ.

ಸೀಬೆ ಹೂ ಬಿಡುವುದು ಹೊಸ ಚಿಗುರಿನ ಮೇಲೆ. ಆದ್ದರಿಂದ ಯಾವಾಗ ಸವರುತ್ತೇವೆ ಎಂಬುದು ಯಾವಾಗ ಹಣ್ಣು ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಳೆದ ವರ್ಷ ಬೇಸಿಗೆಯ ಹೂವನ್ನು ಮುಲಾಜಿಲ್ಲದೆ ಉದುರಿಸಿ, ಮೇ ತಿಂಗಳಲ್ಲಿ ಕೊಂಬೆಗಳ ತುದಿಯನ್ನು ಸವರಿ, ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರ ಕೊಟ್ಟೆ. ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗ ಕಾಗದದ ಚೀಲ ಕಟ್ಟಿದೆ. ಡಿಸೆಂಬರಿನಲ್ಲಿ ಬಿಡಿಸಿದ ಹಣ್ಣು ಬೇರೆಯೇ ಗಿಡದ್ದು ಎನ್ನುವಂತಿತ್ತು. ಹೊರಗೆ ಎಳೆ ಹಳದಿ, ಒಳಗೆ ಕಲ್ಲಂಗಡಿಯ ಕೆಂಪು. ಎರಡು ಹಣ್ಣನ್ನು ಅಡುಗೆಮನೆಯಲ್ಲಿಟ್ಟರೆ ಬೆಳಿಗ್ಗೆ ನಡುಮನೆಯವರೆಗೂ ಘಮ ಹರಡಿರುತ್ತಿತ್ತು. ಧಾರವಾಡದ ಕಡೆಯವಳಾದ ನನ್ನ ಹೆಂಡತಿ ‘ಇದು ಪೇರಲ ಅಂದ್ರ ಪೇರಲ’ ಎಂದು ಒಪ್ಪಿಗೆ ಕೊಟ್ಟಳು. (ಅಮೆರಿಕದ ಈ ಹಣ್ಣನ್ನು ಇಲ್ಲಿಗೆ ತಂದ ಪೋರ್ಚುಗೀಸರು ಪೇರ್ ಹಣ್ಣಿಗೆ ‘ಪೆರಾ’ ಎನ್ನುತ್ತಾರೆ, ಅವಳ ಪೇರಲದ ಬೇರು ಅಲ್ಲಿದೆ. ನಮ್ಮ ಸೀಬೆ, ಚೇಪೆಕಾಯಿಗಳ ಮೇಲೆ ಅವಳು ಸಾಧಿಸುವ ಮೇಲುಗೈಗೆ ಇದೂ ಒಂದು ಕಾರಣ.)

ಕೊರತೆ ಇಲ್ಲವೆಂದಲ್ಲ. ಬೀಜ ಮೃದುಲಾದಷ್ಟು ಮೆತ್ತಗಿಲ್ಲ. ಹಲ್ಲಿಗೆ ಸಿಗುತ್ತದೆ, ಕಟ್ಟಿಸಿಕೊಂಡ ಹಲ್ಲಿರುವ ನನ್ನ ತಂದೆ ಒಂದು ಹೋಳು ತಿಂದು ತಟ್ಟೆ ಸರಿಸಿದರು. ಉಪ್ಪು, ಖಾರದಪುಡಿ ಹಚ್ಚಿ ಕರಕರ ಅಗಿಯುವ ದೋರಗಾಯಿ ಬೇಕೆಂದರೆ ಅಂಗಡಿಯ ದೊಡ್ಡ ಥಾಯ್ ಸೀಬೆಯೇ ಮೇಲು. ಆದರೆ ಅದಕ್ಕೆ ಈ ಘಮವೂ ಇಲ್ಲ, ಈ ರುಚಿಯೂ ಇಲ್ಲ. ಕಿರಣ್‌ನ ನಿಜವಾದ ಬೆಲೆ ತಿಳಿಯುವುದು ಪಾನಕ ಮಾಡಿದಾಗ: ಹಣ್ಣನ್ನು ಕಿವುಚಿ ಜರಡಿ ಹಿಡಿದು, ಸ್ವಲ್ಪ ಬೆಲ್ಲ, ನಿಂಬೆ, ಚಿಟಿಕೆ ಉಪ್ಪು ಹಾಕಿದರೆ ಸಾಕು, ಬಣ್ಣಕ್ಕೆ ಬೇರೇನೂ ಬೇಡ.

ಇನ್ನು ನರ್ಸರಿಯ ಸೇವೆ. ಕಿರಣ್ ಎಂದು ಕೊಟ್ಟ ಎರಡನೆಯ ಗಿಡದಲ್ಲಿ ಮೇಲಿನ ಕಸಿಕಡ್ಡಿ ಆಗಲೇ ಒಣಗಿ, ಬುಡದ ನಾಟಿ ಸಸಿ ಚಿಗುರಿತ್ತು. ಕಸಿಯ ಗಂಟಿನ ಮೇಲೆ ಬಿಗಿದಿದ್ದ ಪ್ಲಾಸ್ಟಿಕ್ ಪಟ್ಟಿಯ ಕೆಳಗಿನಿಂದ ರೆಂಬೆ ಹೊರಟಿದೆ ಎಂಬುದನ್ನು ನಾನೂ ಗಮನಿಸಲಿಲ್ಲ, ಕೊಟ್ಟವರೂ ಹೇಳಲಿಲ್ಲ. ಅದರ ಕಾಯಿ ಬಿಳಿ, ಬೀಜ ಕಲ್ಲು. ಮೃದುಲಾದ ಕಥೆ ಇನ್ನೂ ಕೆಟ್ಟದ್ದು. ಎರಡು ವರ್ಷವಾದರೂ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತ ಸೊರಗುತ್ತಿದ್ದ ಅದನ್ನು ಕಿತ್ತು ನೋಡಿದಾಗ ಬೇರಿನ ತುಂಬ ಶುಂಠಿಯಂತೆ ಗಂಟುಗಳಿದ್ದವು. ಬೇರುಗಂಟು ಜಂತುಹುಳುವಿನ ಕೆಲಸ. ಇದು ನರ್ಸರಿಯ ಮಣ್ಣಿನ ಜೊತೆಗೇ ತೋಟಗಳಿಗೆ ಹಬ್ಬುವ ಪಿಡುಗು, ಒಮ್ಮೆ ಬಂದರೆ ನೆಲ ಬಿಟ್ಟು ಹೋಗುವುದು ಕಷ್ಟ. ಫೋನ್ ಮಾಡಿ ಕೇಳಿದಾಗ ‘ನಿಮ್ಮ ಮಣ್ಣಲ್ಲೇ ಇತ್ತೇನೋ ಸಾರ್’ ಎಂಬ ಉತ್ತರ ಬಂತು. ಇದ್ದಿರಲೂಬಹುದು, ಆದರೆ ಪಕ್ಕದಲ್ಲಿ ಅದೇ ಮಣ್ಣಿನಲ್ಲಿ ವರ್ಷಗಟ್ಟಲೆ ಬೆಳೆದ ಬದನೆಯ ಬೇರಿನಲ್ಲಿ ಒಂದು ಗಂಟನ್ನೂ ನಾನು ಕಂಡಿರಲಿಲ್ಲ.

ತಳಿಗೆ ಐದರಲ್ಲಿ ನಾಲ್ಕು, ನರ್ಸರಿಗೆ ಒಂದು. ಅರ್ಕಾ ಕಿರಣ್ ಬೇಕೆನ್ನುವವರು ಕಸಿಗಂಟಿನ ಮೇಲೆಯೇ ಚಿಗುರಿದೆಯೇ ಎಂದು ಬೆರಳಿಟ್ಟು ನೋಡಿ, ಮಾರುವವರು ಮುಖ ಗಂಟಿಕ್ಕಿದರೂ ಚೀಲದ ಮಣ್ಣನ್ನು ಸ್ವಲ್ಪ ಸರಿಸಿ ಬೇರನ್ನು ಪರೀಕ್ಷಿಸಿ, ಆಮೇಲೆ ದುಡ್ಡು ಕೊಡಿ. ಮೃದುಲಾ ಇದ್ದ ಗುಂಡಿಯಲ್ಲಿ ಈಗ ಬೇವಿನ ಹಿಂಡಿ ಬೆರೆಸಿ ಚೆಂಡು ಹೂ ಹಾಕಿದ್ದೇನೆ. ಇನ್ನೆರಡು ವರ್ಷ ಅಲ್ಲಿ ಸೀಬೆ ನೆಡುವುದಿಲ್ಲ.