ಎಳೆಯ ಸಂಸಾರಕ್ಕೆ ಆರೋಗ್ಯ ವಿಮೆ: ಫ್ಲೋಟರ್ ಬೇಕೋ, ತಲಾ ಪ್ರತ್ಯೇಕ ಪಾಲಿಸಿಯೋ?

ಗಂಡ, ಹೆಂಡತಿ, ಒಂದು ಪುಟ್ಟ ಮಗು ಇರುವ ಮನೆಗೆ ಮೂವರಿಗೂ ಸೇರಿ 10 ಲಕ್ಷದ ಫ್ಲೋಟರ್ (ಒಂದೇ ವಿಮಾ ಮೊತ್ತವನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವ ಪಾಲಿಸಿ) ಸಾಮಾನ್ಯವಾಗಿ ಅಗ್ಗ. ಆದರೆ ಅದರ ಕಂತು ಹೆಚ್ಚಾಗಿ ಹಿರಿಯ ಸದಸ್ಯರ ವಯಸ್ಸನ್ನು ಹಿಡಿದು ನಿಲ್ಲುತ್ತದೆ. 62ರ ಅಪ್ಪನನ್ನು ಅದರಲ್ಲೇ ಸೇರಿಸಿದರೆ ಕಂತು ಜಿಗಿಯುತ್ತದೆ. ಹೆತ್ತವರಿಗೆ ಬೇರೆಯೇ ಮಾಡಿಸಿ.

ಫ್ಲೋಟರ್‌ನಲ್ಲಿ ಒಬ್ಬರಿಗೇ ಪೂರ್ತಿ 10 ಲಕ್ಷ ಸಿಗಬಹುದು. ಅದೇ ವರ್ಷ ಇನ್ನೊಬ್ಬರು ಆಸ್ಪತ್ರೆ ಸೇರಿದರೆ ಉಳಿದದ್ದಷ್ಟೇ. ಒಬ್ಬರಿಗೆ ಈಗಾಗಲೇ ಸಕ್ಕರೆ ಕಾಯಿಲೆಯಿದ್ದರೆ ಅವರಿಗೆ ಪ್ರತ್ಯೇಕ ಪಾಲಿಸಿಯೇ ಮೇಲು. ಮೊದಲೇ ಇದ್ದ ಕಾಯಿಲೆಗೆ ಎರಡರಲ್ಲೂ 36 ತಿಂಗಳವರೆಗೆ ಕಾಯಬೇಕಾಗಬಹುದು. ದಯವಿಟ್ಟು ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕೃತವಾದೀತು.

ಕೈ ಬಿಗಿಯಿದ್ದರೆ 5 ಲಕ್ಷದ ಫ್ಲೋಟರ್, ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್‌ನ ಸೂಪರ್ ಟಾಪ್-ಅಪ್ ನೋಡಿ. ವರ್ಷದ ಒಟ್ಟು ಬಿಲ್ಲಿನಲ್ಲಿ ಮೊದಲ 5 ಲಕ್ಷ (ಇದೇ ಡಿಡಕ್ಟಿಬಲ್) ಬಿಟ್ಟು, ಅದನ್ನು ಮೀರಿದ್ದನ್ನಷ್ಟೇ ಕೊಡುವ ಹೆಚ್ಚುವರಿ ಪಾಲಿಸಿ ಅದು. ಬರೀ ಟಾಪ್-ಅಪ್ ಬೇಡ. ಒಂದೇ ವರ್ಷ 4 ಲಕ್ಷದ ಎರಡು ಬಿಲ್ ಬಂದರೆ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆ ಎಣಿಸಿ ಏನೂ ಕೊಡುವುದಿಲ್ಲ. ಸೂಪರ್ ಟಾಪ್-ಅಪ್ ಎರಡನ್ನೂ ಕೂಡಿಸಿ 3 ಲಕ್ಷ ಕೊಡುತ್ತದೆ.

ಯಾವುದಾದರೂ ಸರಿ, ರೂಮ್ ಬಾಡಿಗೆಯ ಮಿತಿ ಓದಿ. ದಿನಕ್ಕೆ 5,000 ರೂಪಾಯಿ ಮಿತಿಯಿದ್ದು 10,000ದ ರೂಮ್ ಹಿಡಿದರೆ, ವೈದ್ಯರ ಶುಲ್ಕದಂಥ ಖರ್ಚಿಗೂ ಅರ್ಧವಷ್ಟೇ ಕೊಡುವ ಪಾಲಿಸಿಗಳಿವೆ.